ಹಳೆಯ ಪ್ರೋಗ್ರಾಮಿಂಗ್ ಭಾಷೆಗಳ ಕಿರುಪರೀಕ್ಷೆಗೆ ಎಂಥ ಪ್ರಶ್ನೆ ಹಾಕಬೇಕು?
ಫೋರ್ಟ್ರಾನ್, ಕೋಬಾಲ್, ಲಿಸ್ಪ್ ಕಾಲದ ಭಾಷೆಗಳ ಮೇಲೆ 15 ಪ್ರಶ್ನೆಗಳ ಪರೀಕ್ಷೆ ಮಾಡಬೇಕು, ಹೆಸರು-ಇಸವಿ ಉರು ಹೊಡೆದವರು ಅಷ್ಟಕ್ಕೇ ಪಾಸಾಗಬಾರದು ಎಂದಿದ್ದೀರಿ. ಹಾಗಾದರೆ ಇಸವಿಯ ಪ್ರಶ್ನೆ ಎರಡು ಮೂರು ಸಾಕು. ಉಳಿದವುಗಳಲ್ಲಿ ಒಂದೆರಡು ಸಾಲಿನ ಕೋಡ್ ಕೊಟ್ಟು "ಏನು ಬರುತ್ತದೆ, ಯಾಕೆ?" ಎಂದು ಕೇಳಿ.

ಫೋರ್ಟ್ರಾನಿನಿಂದಲೇ ಶುರು ಮಾಡಿ:

ಎಕ್ಸ್ = 7/2
ಮೀನ್ = 7.0/2.0

ಎರಡರಲ್ಲೂ ಉಳಿಯುವುದು ಮೂರೇ, ಆದರೆ ಕಾರಣ ಬೇರೆ ಬೇರೆ. ಮೊದಲನೆಯದರಲ್ಲಿ 7 ಮತ್ತು 2 ಪೂರ್ಣಾಂಕಗಳು, ಹಾಗಾಗಿ ಭಾಗಿಸುವಾಗಲೇ ಅರ್ಧ ಉದುರಿಹೋಗಿ ಎಕ್ಸ್‌ಗೆ 3.0 ಸೇರುತ್ತದೆ. ಎರಡನೆಯದರಲ್ಲಿ 3.5 ಸರಿಯಾಗಿಯೇ ಬಂದಿರುತ್ತದೆ. ಆದರೆ ಇಂಗ್ಲಿಷಿನ ಐ ಇಂದ ಎನ್ ವರೆಗಿನ ಅಕ್ಷರಗಳಲ್ಲಿ ಶುರುವಾಗುವ ಹೆಸರು, ಬೇರೆ ಘೋಷಣೆ ಇಲ್ಲದಿದ್ದರೆ, ಪೂರ್ಣಾಂಕದ್ದು. ಮೀನ್ ಶುರುವಾಗುವುದು ಎಂ ಅಕ್ಷರದಿಂದ, ಅದಕ್ಕೇ ಅದರಲ್ಲಿ 3 ಮಾತ್ರ ಕೂರುತ್ತದೆ. ನಾನಾದರೆ ಉತ್ತರಕ್ಕೆ 1 ಅಂಕ, ಕಾರಣಕ್ಕೆ 2 ಅಂಕ ಇಡುತ್ತೇನೆ. ಊಹಿಸಿ ಬರೆದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಫೋರ್ಟ್ರಾನಿನ ಒಂದೊಂದು ಸಾಲನ್ನೂ ಆಗ ತೂತು ಹೊಡೆದು ಬರೆಯುತ್ತಿದ್ದ ಪಂಚ್ ಕಾರ್ಡಿನ ಕಾಲಂಗಳ ಮೇಲೂ ಒಂದು ಪ್ರಶ್ನೆ ಇರಲೇಬೇಕು. 80 ಕಾಲಂಗಳಲ್ಲಿ 1ರಿಂದ 5 ಲೇಬಲ್ಲಿಗೆ, 6 ಹಿಂದಿನ ಸಾಲು ಮುಂದುವರಿದಿದೆ ಎಂಬ ಗುರುತಿಗೆ, 7ರಿಂದ 72 ಹೇಳಿಕೆಗೆ. ಸಾಲಿನ ಕೊನೆಯಲ್ಲಿ 1250 ಇದ್ದು, ಅದರ ಸೊನ್ನೆ 73ನೇ ಕಾಲಂಗೆ ಬಿದ್ದರೆ? ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ 72ರ ಆಚೆಯದನ್ನು ನೋಡುವುದಿಲ್ಲ, ಅದನ್ನು 125 ಎಂದು ಓದುತ್ತದೆ. ದೋಷ ಸಂದೇಶ ಬರುವುದಿಲ್ಲ, ಲೆಕ್ಕ ಮಾತ್ರ ತಪ್ಪುತ್ತದೆ.

ಕೋಬಾಲಿನ ನಾಲ್ಕು ಡಿವಿಷನ್‌ಗಳ ಹೆಸರು ಕೇಳಿದರೆ ಬಾಯಿಪಾಠ ಒಪ್ಪಿಸುತ್ತಾರೆ. ಅದರ ಬದಲು, ಪಿಕ್ 9(3)ವಿ99 ಎಂದಿರುವ, ಅಂದರೆ ಬಿಂದುವಿಗೆ ಮೊದಲು ಮೂರು, ಆಮೇಲೆ ಎರಡು ಅಂಕಿ ಹಿಡಿಯುವ ಜಾಗಕ್ಕೆ 1234.567 ಅನ್ನು ಮೂವ್ ಮಾಡಿದರೆ ಏನುಳಿಯುತ್ತದೆ ಎಂದು ಕೇಳಿ. ಉಳಿಯುವುದು 234.56. ಎರಡೂ ತುದಿ ಕತ್ತರಿಸಿಹೋಗುತ್ತದೆ, ದಶಮಾಂಶವನ್ನು ಹತ್ತಿರದ ಅಂಕಿಗೆ ಏರಿಸುವುದೂ ಇಲ್ಲ. ವಿ ಎಂಬುದು ಬಿಂದುವಿನ ಸ್ಥಾನವನ್ನಷ್ಟೇ ಹೇಳುತ್ತದೆ, ಜಾಗ ತಿನ್ನುವುದಿಲ್ಲ, ಆದ್ದರಿಂದ ಒಳಗಿರುವುದು 5 ಅಂಕಿ.

ಲಿಸ್ಪ್‌ನಲ್ಲಿ (ಕಾರ್ (ಕುಡರ್ '(ಎ ಬಿ ಸಿ))) ಕೊಟ್ಟರೆ ಬಿ ಬರುತ್ತದೆ: ಕುಡರ್ ಪಟ್ಟಿಯ ಮೊದಲನೆಯದನ್ನು ಬಿಟ್ಟು ಉಳಿದದ್ದನ್ನು ಕೊಡುತ್ತದೆ, ಕಾರ್ ಅದರಲ್ಲಿ ಮೊದಲನೆಯದನ್ನು ಕೊಡುತ್ತದೆ. ಕೋಟ್ ಚಿಹ್ನೆ ತೆಗೆದು ಅದನ್ನೇ ಮತ್ತೆ ಕೇಳಿ. ಆಗ ಎ ಒಂದು ಫಂಕ್ಷನ್ ಎಂದುಕೊಂಡು ಅದನ್ನು ನಡೆಸಲು ಹೋಗುತ್ತದೆ. ಎಪಿಎಲ್‌ಗೆ (ಇದೂ ಆ ಕಾಲದ ಒಂದು ಭಾಷೆ) 10-3-2 ಸಾಕು: ಬಲದಿಂದ ಎಡಕ್ಕೆ ಲೆಕ್ಕ ಹಾಕುವುದರಿಂದ ಉತ್ತರ 9. ಬೇಸಿಕ್‌ನಲ್ಲಿ 10, 20, ಆಮೇಲೆ 15 ಎಂಬ ಸಂಖ್ಯೆ ಹಾಕಿ ಮೂರು ಸಾಲು ಟೈಪ್ ಮಾಡಿ, ಅವು ಓಡುವ ಕ್ರಮ ಕೇಳಿ.

ಇನ್ನು ಇಸವಿ. "ಫೋರ್ಟ್ರಾನ್ ಯಾವಾಗ ಬಂತು?" ಎಂದು ಮೊಟಕಾಗಿ ಕೇಳಬೇಡಿ. ಜಾನ್ ಬ್ಯಾಕಸ್ ತಂಡದ ಪ್ರಾಥಮಿಕ ವರದಿ 1954ರದ್ದು, ಐಬಿಎಂ 704 ಕಂಪ್ಯೂಟರಿಗೆ ಕಂಪೈಲರ್ ಕೈಗೆ ಸಿಕ್ಕಿದ್ದು 1957ರಲ್ಲಿ. ಯಾವ ಘಟನೆ ಎಂದು ಪ್ರಶ್ನೆಯಲ್ಲೇ ಹೇಳಿ. "ಕೋಬಾಲ್ ರಚಿಸಿದವರು ಯಾರು?" ಎಂದು ಕೇಳಿ ಗ್ರೇಸ್ ಹಾಪರ್ ಎಂಬುದನ್ನು ಸರಿಯುತ್ತರವಾಗಿ ಇಡುವುದೂ ತಪ್ಪು. ಅದನ್ನು ರೂಪಿಸಿದ್ದು ಕೋಡಾಸಿಲ್ ಸಮಿತಿ. ಹಾಪರ್ ಅವರ ಫ್ಲೋ-ಮ್ಯಾಟಿಕ್ ಭಾಷೆ ಅದಕ್ಕೆ ದೊಡ್ಡ ಆಧಾರವಾಯಿತು. "ಮೊದಲ ಪ್ರೋಗ್ರಾಮಿಂಗ್ ಭಾಷೆ ಯಾವುದು?" ಎಂಬುದನ್ನು ಕೈಬಿಡಿ. ಕೊನ್ರಾಡ್ ತ್ಸೂಸೆ 1940ರ ದಶಕದಲ್ಲೇ ಪ್ಲಾನ್‌ಕಾಲ್ಕ್ಯೂಲ್ ಎಂಬ ಭಾಷೆ ರೂಪಿಸಿದ್ದರು, ಆದರೆ ಆಗ ಅದು ಯಾವ ಯಂತ್ರದ ಮೇಲೂ ಓಡಲಿಲ್ಲ. "ಮೊದಲ" ಎಂದರೆ ಏನೆಂಬ ಜಗಳವೇ ಉಳಿಯುತ್ತದೆ.

ಪ್ರಶ್ನೆಪತ್ರಿಕೆ ಕೊಡುವ ಮೊದಲು ಪ್ರತಿ ಕೋಡನ್ನೂ ಓಡಿಸಿ ನೋಡಿ. ಜಿಫೋರ್ಟ್ರಾನ್‌ನಲ್ಲಿ (ಇಂದಿನ ಫೋರ್ಟ್ರಾನ್ ಕಂಪೈಲರ್) ಕಡತದ ಹೆಸರು ಡಾಟ್ ಎಫ್ ಎಂದು ಮುಗಿದರೆ ಹಳೆಯ ಕಾಲಂ ನಿಯಮ, ಡಾಟ್ ಎಫ್90 ಎಂದಿದ್ದರೆ ಹೊಸ ನಿಯಮ. ಹೆಸರು ತಪ್ಪಾಗಿ ಇಟ್ಟರೆ ಆ 1250 ಹಾಗೆಯೇ 1250 ಆಗಿ ಉಳಿದು, ನಿಮ್ಮ ಉತ್ತರವೇ ತಪ್ಪಿದಂತೆ ಕಾಣುತ್ತದೆ.