ಸಂಪಾದಕರ ಉತ್ತರ: ಬೀರುವಿನ ಫೈಲು, ಬೆಂಕಿ ಮುಂದಿನ ಮನುಷ್ಯ

ಪತ್ರ ಬರೆದ ನಿವೃತ್ತ ಠಾಣಾಧಿಕಾರಿಯವರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ನಿಮ್ಮ ನಾಲ್ಕು ಪುಟದ ಪತ್ರದ ತಿರುಳನ್ನು ಮಾತ್ರ ಉಳಿದ ಓದುಗರಿಗೆ ಹೇಳಿಬಿಡುತ್ತೇನೆ. ಅಗ್ನಿಶಾಮಕ ಸೇವೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದರಲ್ಲಿ ನೀವು ಎರಡು ತಪ್ಪು ಹಿಡಿದಿದ್ದೀರಿ. ಒಂದು, ಗಾಡಿಗಳು ತಲುಪುವ ‘ಸರಾಸರಿ ಸಮಯ’ವನ್ನು ನಾವು ನಂಬಿದ್ದು. ಇನ್ನೊಂದು, ಯೋಜನೆ ಚೆನ್ನಾಗಿದ್ದರೆ ಎಲ್ಲ ಸರಿಹೋಗುತ್ತದೆ ಅಂದದ್ದು. “ಯೋಜನೆ ಬೀರುವಿನಲ್ಲಿರುತ್ತೆ ಸ್ವಾಮಿ, ಬೆಂಕಿ ಮುಂದೆ ಇರೋದು ಮನುಷ್ಯ. ಒಳ್ಳೆ ನಾಯಕ ಇದ್ದರೆ ಸಾಕು” ಎಂದಿದ್ದೀರಿ.

ಮೊದಲನೆಯದನ್ನು ತಕರಾರಿಲ್ಲದೆ ಒಪ್ಪುತ್ತೇನೆ. ಎಂಟು ಮನೆಗೆ 3 ನಿಮಿಷದಲ್ಲಿ ಹೋಗಿ, ಇನ್ನೆರಡಕ್ಕೆ 18 ನಿಮಿಷ ಹಿಡಿದರೂ ಸರಾಸರಿ ಬರೀ 6 ನಿಮಿಷ. ಕಾಗದದ ಮೇಲೆ ಚೆಂದವೇ. ಆ ಎರಡು ಮನೆಯವರನ್ನು ಕೇಳಬೇಕು. ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷತಾ ಸಂಘದ (ಎನ್‌ಎಫ್‌ಪಿಎ) 1710ನೇ ಮಾನದಂಡ ಸರಾಸರಿಯ ಗೋಜಿಗೇ ಹೋಗುವುದಿಲ್ಲ. ಬೆಂಕಿಯ ಕರೆ ಸಿಕ್ಕ 80 ಸೆಕೆಂಡಿನಲ್ಲಿ ಠಾಣೆಯಿಂದ ಹೊರಡಬೇಕು, ಮುಂದಿನ 240 ಸೆಕೆಂಡಿನಲ್ಲಿ ಮೊದಲ ಗಾಡಿ ತಲುಪಬೇಕು, ಅದೂ ನೂರಕ್ಕೆ 90 ಸಲ ಎನ್ನುತ್ತದೆ. ಉಳಿದ ಹತ್ತು ಸಲ ತಡವಾಗುವುದು ಯಾರಿಗೆ? ಹೊಸ ಠಾಣೆಗೆ ಜಾಗ ಹುಡುಕುವಾಗ ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಜಾಗ ಗೊತ್ತು ಮಾಡಿದ ದಿನವೇ ಇದೂ ತೀರ್ಮಾನವಾಗಿ ಹೋಗಿರುತ್ತದೆ, ಅಲ್ವಾ?

ಎರಡನೆಯದನ್ನು ಮಾತ್ರ ಒಪ್ಪಲಾರೆ.

1949ರ ಆಗಸ್ಟ್ 5. ಅಮೆರಿಕದ ಮೊಂಟಾನಾದಲ್ಲಿ ಮ್ಯಾನ್ ಗಲ್ಚ್ ಎಂಬ ಕಣಿವೆ. ಕಾಡ್ಗಿಚ್ಚು ಆರಿಸಲು ವಿಮಾನದಿಂದ ಇಳಿದ ತಂಡಕ್ಕೆ ವ್ಯಾಗ್ನರ್ ಡಾಜ್ ನಾಯಕ. ಬೆಂಕಿ ಇವರನ್ನೇ ಅಟ್ಟಿಸಿಕೊಂಡು ಬಂತು. ಎಲ್ಲರೂ ಗುಡ್ಡ ಹತ್ತಿ ಓಡುತ್ತಿದ್ದರು. ಡಾಜ್ ನಿಂತು, ಮುಂದಿದ್ದ ಒಣಹುಲ್ಲಿಗೆ ತಾನೇ ಕಡ್ಡಿ ಗೀರಿದರು. ಹುಲ್ಲು ಸುಟ್ಟ ಜಾಗದಲ್ಲಿ ಮಲಗಿದರೆ ದೊಡ್ಡ ಬೆಂಕಿಗೆ ಅಲ್ಲಿ ತಿನ್ನಲು ಏನೂ ಸಿಗುವುದಿಲ್ಲ, ಅದು ಪಕ್ಕದಲ್ಲಿ ಹಾದುಹೋಗುತ್ತದೆ ಅನ್ನುವ ಲೆಕ್ಕ. ಲೆಕ್ಕ ಸರಿಯಾಗಿತ್ತು, ಅವರು ಬದುಕಿದರು. ಆದರೆ ಕರೆದರೂ ಒಬ್ಬರೂ ಆ ಬೂದಿಯೊಳಗೆ ಬರಲಿಲ್ಲ. 13 ಜನ ಸತ್ತರು. ಬೆಂಕಿಗೆ ಹೆದರಿ ಓಡುತ್ತಿರುವಾಗ ನಾಯಕನೇ ಬೆಂಕಿ ಹಚ್ಚಿದರೆ ಯಾರಿಗಾದರೂ ಹುಚ್ಚು ಅನ್ನಿಸುತ್ತದೆ. ಆ ತಂಡ ಡಾಜ್ ಜೊತೆ ಅಭ್ಯಾಸ ಮಾಡಿದ್ದೂ ಕಡಿಮೆ. ಇವರಿಗಿಂತ ಒಳ್ಳೆಯ ನಾಯಕನನ್ನು ಎಲ್ಲಿಂದ ತರುವುದು ಹೇಳಿ?

ನಿಮ್ಮ ಮಾತಿನಲ್ಲಿರುವ ಅರ್ಧ ಸತ್ಯಕ್ಕೆ ಲಂಡನ್ನಿನ ಗ್ರೆನ್‌ಫೆಲ್ ಟವರ್ ಸಾಕ್ಷಿ. 24 ಮಹಡಿಯ ಕಟ್ಟಡ. 2017ರ ಜೂನ್ 14ರಂದು ರಾತ್ರಿ 12.54ಕ್ಕೆ ಮೊದಲ ಕರೆ ಬಂತು. ಅಲ್ಲಿ ಯೋಜನೆ ಇತ್ತು: ಬೆಂಕಿ ಒಂದು ಮನೆ ದಾಟುವುದಿಲ್ಲ, ಉಳಿದವರು ಬಾಗಿಲು ಹಾಕಿಕೊಂಡು ಒಳಗೇ ಇರಲಿ. ಆದರೆ ಬೆಂಕಿ ಹೊರಗೋಡೆಗೆ ಹೊದಿಸಿದ್ದ ಹಲಗೆಗಳನ್ನು ಹಿಡಿದು ಮೇಲೇರಿತು. ಸಿಕ್ಕಿಬಿದ್ದವರು ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಹೇಳುತ್ತಿದ್ದದ್ದು ಸ್ಥಳದಲ್ಲಿದ್ದ ಅಧಿಕಾರಿಗಳಿಗೆ ಸರಿಯಾಗಿ ತಲುಪಲಿಲ್ಲ. ‘ಒಳಗೇ ಇರಿ’ ಅನ್ನುವ ಸಲಹೆಯನ್ನು ಕೈಬಿಟ್ಟಾಗ ಗಂಟೆ 2.47. ಸತ್ತವರು 72. ಆ ತೀರ್ಮಾನ 1.30ರಿಂದ 1.50ರೊಳಗೆ ಆಗಬೇಕಿತ್ತು ಎಂದು 2019ರ ವಿಚಾರಣಾ ವರದಿ ಹೇಳಿತು.

ಹಾಗಾದರೆ ಅಧಿಕಾರಿಗಳು ದಡ್ಡರಾಗಿದ್ದರೇ? ಇಲ್ಲ. ಜನರನ್ನು ಇಳಿಸುವ ಹೊತ್ತು ಬಂತು ಎಂದು ಗುರುತಿಸುವುದು ಹೇಗೆ, ಇಳಿಸುವುದು ಹೇಗೆ ಎಂಬುದರ ತರಬೇತಿಯನ್ನೇ ಅವರಿಗೆ ಕೊಟ್ಟಿರಲಿಲ್ಲ ಎಂದೂ ಅದೇ ವರದಿ ಹೇಳುತ್ತದೆ. ಯೋಜನೆಯನ್ನು ಯಾವಾಗ ಬಿಡಬೇಕು, ಯಾರು ಬಿಡಬಹುದು ಅನ್ನುವುದೂ ಯೋಜನೆಯಲ್ಲೇ ಇರಬೇಕು. ಇಲ್ಲದಿದ್ದರೆ ಕೆಳಗಿನ ಅಧಿಕಾರಿ ಮೇಲಿನವರು ಬರಲಿ ಎಂದು ಕಾಯುತ್ತಾನೆ. ಅಣಕು ಕಾರ್ಯಾಚರಣೆಗಳಲ್ಲೂ ಇದನ್ನು ಮಾಡಿಸುವುದಿಲ್ಲ. ಅಲ್ಲಿ ಏಣಿ ಸರಿಯಾಗಿ ನಿಲ್ಲುತ್ತದೆ, ನೀರು ಬರುತ್ತದೆ, ಅತಿಥಿಗಳು ಚಪ್ಪಾಳೆ ತಟ್ಟುತ್ತಾರೆ. ಎಲ್ಲ ಕೆಟ್ಟುಹೋಗುವ ಡ್ರಿಲ್ ಒಂದನ್ನಾದರೂ ನಾನಂತೂ ನೋಡಿಲ್ಲ.

ಒಬ್ಬರೇ ಹತ್ತು ಹದಿನೈದು ಜನರಿಗೆ ನೇರವಾಗಿ ಆದೇಶ ಕೊಡಬೇಕಾದ ಕಷ್ಟವನ್ನೂ ಬರೆದಿದ್ದೀರಿ. 1970ರ ಕ್ಯಾಲಿಫೋರ್ನಿಯಾ ಕಾಡ್ಗಿಚ್ಚಿನಲ್ಲಿ ಬೇರೆ ಬೇರೆ ಇಲಾಖೆಗಳ ಪಡೆಗಳು ಬಂದು, ಒಬ್ಬರ ರೇಡಿಯೋ, ಒಬ್ಬರ ಪದ ಇನ್ನೊಬ್ಬರಿಗೆ ಹೊಂದದೆ ಒದ್ದಾಡಿದರು. ಅದರಿಂದ ಹುಟ್ಟಿದ ಕಮಾಂಡ್ ಪದ್ಧತಿಯಲ್ಲಿ ಒಬ್ಬರ ಕೈಕೆಳಗೆ ಸುಮಾರು ಐದು ಜನ, ಏಳು ದಾಟಬಾರದು. ಸಣ್ಣ ಠಾಣೆಗೂ ಹೊಂದುವ ಲೆಕ್ಕ ಇದು.

ಇಷ್ಟಾದ ಮೇಲೆ ನಿಮ್ಮ ಮೂರನೇ ಪುಟಕ್ಕೆ ಬರುತ್ತೇನೆ. ಯಾವ ಗಲ್ಲಿಗೆ ದೊಡ್ಡ ಗಾಡಿ ತಿರುಗುವುದಿಲ್ಲ, ಯಾವ ಗೇಟಿನ ಮೇಲೆ ತಂತಿ ಜೋತಿದೆ, ಬೇಸಿಗೆಯಲ್ಲಿ ಯಾವ ತೊಟ್ಟಿ ಬತ್ತುತ್ತದೆ ಎಂದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಿರಿ. ತಿಂಗಳಿಗೊಮ್ಮೆ ಹುಡುಗರನ್ನು ಕೂರಿಸಿಕೊಂಡು ಓದಿಸುತ್ತಿದ್ದಿರಿ. ವರ್ಗಾವಣೆಯಾದಾಗ ಮುಂದಿನವರ ಕೈಗೆ ಕೊಟ್ಟಿರಿ, ಅವರು ತೆರೆದೂ ನೋಡಲಿಲ್ಲ. ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಸ್ವಾಮಿ, ನಾನು ಯೋಜನೆ ಅನ್ನೋದು ಅದನ್ನೇ! ಒಳ್ಳೆಯ ನಾಯಕ ಹೋದ ಮರುದಿನವೇ ಅದು ಮೂಲೆ ಸೇರಿತಲ್ಲ, ನನ್ನ ತಕರಾರು ಇರುವುದೂ ಅಲ್ಲೇ.

ಆ ನೋಟ್‌ಬುಕ್ಕಿನಲ್ಲಿ ಏನೇನಿತ್ತು, ಯಾವುದು ಯಾವ ರಾತ್ರಿ ಕೆಲಸಕ್ಕೆ ಬಂತು, ನೆನಪಿದ್ದಷ್ಟು ಬರೆದು ಕಳಿಸುತ್ತೀರಾ? ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ. ಆಗಲೂ ಹೆಸರು ಹಾಕುವುದಿಲ್ಲ.

ಇಂತಿ,
ಸಂಪಾದಕ