ದೋಣಿಗೆ ಲೆಕ್ಕ ಇದೆ, ಬುಟ್ಟಿಗೆ?

ಉಳ್ಳಾಲದ ಓದುಗರೊಬ್ಬರು ಸಿಟ್ಟಿನಲ್ಲೇ ಬರೆದಿದ್ದಾರೆ: ‘ಸುನಾಮಿಯಲ್ಲಿ ತೀರಿಹೋದ ಸಂಶೋಧಕಿಯ ನೆನಪಿಗೆ ಇಡೀ ಪುಟ ಕೊಟ್ಟಿದ್ದೀರಿ. ಹೆಸರಿಲ್ಲ, ಫೋಟೋ ಇಲ್ಲ. ನಮ್ಮ ಕರಾವಳಿಗೆ ಅವರೇನು ಮಾಡಿದ್ದಾರೆ? ನನ್ನ ಅತ್ತಿಗೆ ವರ್ಷಗಟ್ಟಲೆಯಿಂದ ದಕ್ಕೆಯ (ಮೀನುಗಾರಿಕಾ ಬಂದರಿನ) ಮೀನು ಮಾರುತ್ತಿದ್ದಾರೆ, ಅವರ ಬಗ್ಗೆ ಯಾಕೆ ಬರೆಯುವುದಿಲ್ಲ?’

ನಿಮ್ಮ ಅತ್ತಿಗೆಯಂಥವರೇ ಆ ಸಂಶೋಧಕಿಯ ಅಧ್ಯಯನದ ವಿಷಯ ಮಾರಾಯ್ರೇ! ಹೆಸರು, ಫೋಟೋ ಬೇಡ ಅಂದವರು ಮನೆಯವರು.

ಸರ್ಕಾರದ ಯೋಜನೆ ಯಾರ ಮನೆಗೆ ಮುಟ್ಟುತ್ತದೆ, ಯಾರನ್ನು ಬಿಟ್ಟು ಹೋಗುತ್ತದೆ ಎಂದು ನೋಡುವುದು ಅವರ ಕೆಲಸವಾಗಿತ್ತು. ಮಂಗಳೂರಿಗೆ ಬಂದರೆ ಬೆಳಕು ಹರಿಯುವ ಮೊದಲೇ ದಕ್ಕೆಯಲ್ಲಿರುತ್ತಿದ್ದರು. ಏಲಂ ಮುಗಿದ ಮೇಲೆ ಹೆಂಗಸರ ಪಕ್ಕ ಕೂತು ಕೇಳುತ್ತಿದ್ದರು: ಬಂಗುಡೆಗೆ ಎಷ್ಟು ಕೊಟ್ಟಿರಿ? ಐಸಿಗೆ? ರಿಕ್ಷಾಕ್ಕೆ? ಬಡ್ಡಿ ಎಷ್ಟು? ‘ವ್ಯಾಪಾರದ ಹೊತ್ತಲ್ಲಿ ತಲೆ ತಿನ್ಬೇಡಿ’ ಎಂದು ಬೈಸಿಕೊಂಡದ್ದೂ ಉಂಟು. ಬೈದವರೇ ಆಮೇಲೆ ಚಾ ತರಿಸುತ್ತಿದ್ದರು.

2004ರ ಡಿಸೆಂಬರ್ 26, ಭಾನುವಾರ. ಅವರು ತಮಿಳುನಾಡಿನ ಕಡಲೂರು ಕಡೆ ಇದ್ದರು. ಸುಮಾತ್ರಾ ಬಳಿ ಕಡಲಿನಡಿ ಭೂಮಿ ನಡುಗಿ ಎರಡು ಗಂಟೆ ದಾಟಿದ ಮೇಲೆ ಅಲೆ ಅಲ್ಲಿಗೆ ಬಂತು. ಅಷ್ಟು ಹೊತ್ತು ಇತ್ತು, ಆದರೆ ಹೇಳುವವರಿಲ್ಲ. ಹಿಂದೂ ಮಹಾಸಾಗರಕ್ಕೆ ಆಗ ಸುನಾಮಿ ಮುನ್ನೆಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ.

2005ರಲ್ಲಿ ಆಕ್ಸ್‌ಫ್ಯಾಮ್ ಎಂಬ ನೆರವು ಸಂಸ್ಥೆ ಕೊಟ್ಟ ಲೆಕ್ಕ ನೋಡಿ. ಕಡಲೂರಿನಲ್ಲಿ ಸತ್ತ ಹೆಂಗಸರು 391, ಗಂಡಸರು 146. ಗಂಡಸರಲ್ಲಿ ಹಲವರು ಮೀನು ಹಿಡಿಯಲು ಹೋಗಿದ್ದರು. ಆಳ ಕಡಲಲ್ಲಿ ಸುನಾಮಿ ಬಂದದ್ದೇ ಗೊತ್ತಾಗುವುದಿಲ್ಲ. ಹೆಂಗಸರು ದಡದಲ್ಲಿ ದೋಣಿಗೆ ಕಾಯುತ್ತಿದ್ದರು, ಬಂದ ಮೀನನ್ನು ಮಾರಬೇಕಲ್ಲ. ಆದರೆ ಪರಿಹಾರದ ಮಾತು ಬಂದಾಗ ಎಲ್ಲರ ಬಾಯಲ್ಲೂ ಮೊದಲು ಬಂದದ್ದು ದೋಣಿ, ಬಲೆ, ಇಂಜಿನ್. ಬುಟ್ಟಿ, ತಕ್ಕಡಿ, ನಾಳೆಯ ಮೀನಿಗೆಂದು ಸೆರಗಿನಲ್ಲಿ ಕಟ್ಟಿಟ್ಟ ದುಡ್ಡು? ಅದಕ್ಕೆ ರಸೀದಿ ಎಲ್ಲಿಂದ ತರುವುದು!

ಇದನ್ನೇ ಆ ಸಂಶೋಧಕಿ ನಮ್ಮ ದಕ್ಕೆಯಲ್ಲಿ ಮೊದಲೇ ಕೇಳಿದ್ದರು. ಮಳೆಗಾಲದ ಮೀನುಗಾರಿಕೆ ನಿಷೇಧವನ್ನೇ ನೋಡಿ: ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬೋಟಿನವರ ಕಷ್ಟ ಪೇಪರಿನಲ್ಲಿ ಬರುತ್ತದೆ, ಬರಲೇಬೇಕು. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರು ಸುಮ್ನೆ ಒಣಮೀನು ಮಾರುತ್ತಾರೆ, ಇಲ್ಲವೇ ಸಾಲ ಮಾಡುತ್ತಾರೆ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತಕ್ಕೆ ನಿಮ್ಮ ಉಳ್ಳಾಲದಲ್ಲೇ ಮನೆಗಳು ಹಾಳಾದವು. ಗೋಡೆ ಬಿದ್ದದ್ದು ಕಣ್ಣಿಗೆ ಕಾಣುತ್ತದೆ. ಆ ವಾರ ಮೀನಿಲ್ಲದೆ ಕೂತವರ ನಷ್ಟ ಕಾಣುವುದಿಲ್ಲ, ಅಲ್ವಾ?

ನಿಮ್ಮ ಅತ್ತಿಗೆ ಒಪ್ಪಿದರೆ ನಮ್ಮವರು ಬಂದು ಅವರ ಮಳೆಗಾಲದ ಖರ್ಚು-ವೆಚ್ಚ ಬರೆದುಕೊಳ್ಳುತ್ತಾರೆ. ವ್ಯಾಪಾರ ಮುಗಿದ ಮೇಲೆಯೇ ಬರುತ್ತೇವೆ.

– ಸಂಪಾದಕ