ಲೂಪಸ್ ಇದ್ದವರಿಗೆ ಅಮೈನೊ ಆಮ್ಲದ ಪುಡಿ ಕೊಡಬಹುದೇ?

ಪ್ರಶ್ನೆ: ನನ್ನ ತಂಗಿಗೆ 29 ವರ್ಷ. ಲೂಪಸ್‌ಗೆ (ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಎರಡು ವರ್ಷದಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗುತ್ತಿದ್ದಾಳೆ. ಸುಸ್ತು ಮಾತ್ರ ಬಿಟ್ಟಿಲ್ಲ. ಜಿಮ್‌ಗೆ ಹೋಗುವ ಗೆಳತಿ ಅಮೈನೊ ಆಮ್ಲದ ಪುಡಿಯ ಡಬ್ಬಿ ಕೊಟ್ಟಿದ್ದಾಳೆ. ಎನ್‌ಎಸಿ ಮಾತ್ರೆಯೂ ಒಳ್ಳೆಯದಂತೆ. ಕೊಡಬಹುದೇ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಪುಡಿಯನ್ನು ಸದ್ಯಕ್ಕೆ ಎತ್ತಿಡಿ. ಎನ್‌ಎಸಿ ಬಗ್ಗೆ ವೈದ್ಯರೊಂದಿಗೆ ಮಾತಾಡಬಹುದು.

ಎನ್‌ಎಸಿ ಎಂದರೆ ಎನ್‌-ಅಸಿಟೈಲ್‌ಸಿಸ್ಟೀನ್, ಸಿಸ್ಟೀನ್ ಎಂಬ ಅಮೈನೊ ಆಮ್ಲದ (ಪ್ರೋಟೀನಿನ ಘಟಕದ) ಒಂದು ರೂಪ. ದೇಹ ಇದರಿಂದ ಜೀವಕೋಶಗಳನ್ನು ಹಾನಿಯಿಂದ ಕಾಯುವ ಗ್ಲುಟಥಯೋನ್ ತಯಾರಿಸಿಕೊಳ್ಳುತ್ತದೆ. ಲೂಪಸ್‌ನವರ ಟಿ ಕಣಗಳಲ್ಲಿ (ರೋಗನಿರೋಧಕ ಬಿಳಿ ರಕ್ತಕಣಗಳಲ್ಲಿ) ಅದು ಕಡಿಮೆ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 36 ರೋಗಿಗಳಿದ್ದರು. ಮೂರು ತಿಂಗಳು ದಿನಕ್ಕೆ 2.4 ಅಥವಾ 4.8 ಗ್ರಾಂ ಪಡೆದವರಲ್ಲಿ ರೋಗದ ತೀವ್ರತೆ, ಸುಸ್ತು ಎರಡೂ ತಗ್ಗಿದವು. 1.2 ಗ್ರಾಂ ಪಡೆದವರಲ್ಲಿ ತಗ್ಗಲಿಲ್ಲ. 4.8 ಗ್ರಾಂ ಪಡೆದವರಲ್ಲಿ ಮೂವರಲ್ಲೊಬ್ಬರಿಗೆ ವಾಕರಿಕೆ. ಅಂದರೆ ಮೆಡಿಕಲ್ ಸ್ಟೋರಿನ 600 ಮಿ.ಗ್ರಾಂ ಮಾತ್ರೆ ದಿನಕ್ಕೊಂದು ನುಂಗಿದರೆ 2.4 ಗ್ರಾಂನ ಕಾಲು ಭಾಗವಷ್ಟೇ. ಆದರೂ ಇದು 36 ಜನರ ಮಾತು; ನೀವೇ ನಾಲ್ಕು ಮಾತ್ರೆಗೆ ಏರಿಸಬೇಡಿ. ನೀರಿಗೆ ಹಾಕಿದೊಡನೆ ನೊರೆಯುಕ್ಕಿ ಕರಗುವ ಮಾತ್ರೆಯಲ್ಲಿ ಸೋಡಿಯಂ ಇರುತ್ತದೆ, ಬಿಪಿ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಿ. ಆಸ್ತಮಾ ಇದ್ದರೂ ಹೇಳಿ. ಮಾತ್ರೆಯಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಅದು ಗಂಧಕದ್ದು.

ಪುಡಿಯ ಡಬ್ಬಿಯ ಹಿಂಬದಿ ಓದಿ. ಕ್ರಿಯಾಟಿನ್ ಸೇರಿದ್ದರೆ ಮೂತ್ರಪಿಂಡದ ಪರೀಕ್ಷೆಯಲ್ಲಿ ನೋಡುವ ರಕ್ತದ ಕ್ರಿಯಾಟಿನೈನ್ ಏರಿ, ಲೂಪಸ್ ಮೂತ್ರಪಿಂಡಕ್ಕೆ ತಗುಲಿತೇ ಎಂಬ ಗೊಂದಲವಾಗುತ್ತದೆ. ಹಸಿರು ಪುಡಿಗಳಲ್ಲಿ ಅಲ್ಫಾಲ್ಫಾ ಇದ್ದರೆ ಮುಟ್ಟಲೇಬೇಡಿ. ನಮ್ಮ ಕುದುರೆ ಮಸಾಲೆ ಸೊಪ್ಪೇ ಅದು. ಅದರ ಬೀಜ, ಮೊಳಕೆಗಳಲ್ಲಿ ಎಲ್‌-ಕ್ಯಾನವನಿನ್ ಎಂಬ ಅಮೈನೊ ಆಮ್ಲವಿದೆ. ಅರ್ಜಿನೈನ್ ಎಂಬ ಇನ್ನೊಂದು ಅಮೈನೊ ಆಮ್ಲವೆಂದೇ ಭ್ರಮಿಸಿ ಜೀವಕೋಶ ಅದನ್ನು ಬಳಸಿಕೊಳ್ಳುತ್ತದೆ. ಮೊಳಕೆ ತಿನ್ನಿಸಿದ ಮಂಗಗಳಿಗೆ ಲೂಪಸ್‌ನಂಥ ಕಾಯಿಲೆ ಬಂದದ್ದು 1982ರಲ್ಲೇ ವರದಿಯಾಗಿದೆ.

ಸುಸ್ತಿಗೆ ಬೇರೆ ಕಾರಣವೂ ಇರಬಹುದು: ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಡಿ ನೋಡಿಸಿ. ಮೂತ್ರದಲ್ಲಿ ನೊರೆ, ಬೆಳಗ್ಗೆ ಮುಖ ಊದುವುದು ಕಂಡರೆ ಮೂತ್ರದ ಪ್ರೋಟೀನ್ ಪರೀಕ್ಷೆ ತಡಮಾಡಬೇಡಿ. ವೈದ್ಯರು ಹೇಳದೆ ಹೈಡ್ರಾಕ್ಸಿಕ್ಲೋರೋಕ್ವಿನ್ ನಿಲ್ಲಿಸಬೇಡಿ. ಮುಂದಿನ ಭೇಟಿಗೆ ಆ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.